ಉತ್ತರದಿಂದ ಬಂದ ಬಿಡಿಭಾಗ

ಆ ಬೇಸಿಗೆ ಸಮುದ್ರದ ಉಪ್ಪು ಶತ್ತುಲ್ ಅರಬ್ ನದಿಯಲ್ಲಿ ನಾವು ಕಂಡು ಕೇಳರಿಯದಷ್ಟು ಮೇಲಕ್ಕೆ ಏರಿ ಬಂದಿತ್ತು. ಬಸ್ರಾದ ಯಾವ ಮನೆಯಲ್ಲಾದರೂ ಸರಿ, ನಲ್ಲಿಯ ನೀರಿನಲ್ಲಿ ಚಹಾ ಕಾಯಿಸಿದರೆ ಎಷ್ಟು ಸಕ್ಕರೆ ಸುರಿದರೂ ಕೊನೆಗೆ ಉಪ್ಪೇ ಗೆಲ್ಲುತ್ತಿತ್ತು. ಅಂಥ ಆಗಸ್ಟ್ ತಿಂಗಳಲ್ಲಿ ನಮ್ಮ ನೀರಿನ ಸ್ಥಾವರದ ಕಂಟ್ರೋಲರ್ ಸತ್ತುಹೋಯಿತು.

ಅದು ರೊಟ್ಟಿಯ ಬುಟ್ಟಿಯಷ್ಟು ದೊಡ್ಡ ಕಬ್ಬಿಣದ ಪೆಟ್ಟಿಗೆ. ಒಳಗೆ ಸಾಲಾಗಿ ಕಾರ್ಡುಗಳು. ನದಿಯ ಉಪ್ಪನ್ನು ಅಳೆದು, ಭರತ ಬಂದಾಗ ನೀರು ಎಳೆಯುವ ಗೇಟು ಮುಚ್ಚಿ, ಇಳಿತದಲ್ಲಿ ತೆರೆದು, ಕ್ಲೋರಿನ್ ಎಷ್ಟು ಬೆರೆಸಬೇಕೆಂದು ಹೇಳುವುದು ಅದರ ಕೆಲಸ. ನನಗಿಂತ ಮೊದಲೇ ಆ ಸ್ಥಾವರಕ್ಕೆ ಬಂದು ಕೂತಿತ್ತು. ಅದರ ತಲೆಯಂತಿದ್ದ ಮುಖ್ಯ ಕಾರ್ಡು ಸುಟ್ಟ ಮೇಲೆ ಗೇಟುಗಳನ್ನು ಕೈಯಿಂದಲೇ ತಿರುಗಿಸತೊಡಗಿದೆವು. ನಾನು ಪಂಪುಗಳ ವಿಭಾಗದವನು, ಎಲ್ಲರೂ ಅಬೂ ನವ್ರಸ್ ಎನ್ನುತ್ತಾರೆ, ಗ್ರೀಸು ನನ್ನ ಜಾತಿ. ನನ್ನ ಹುಡುಗರು ಬಿಸಿಲಿನಲ್ಲಿ ಓಡಾಡಿ ಸುಸ್ತಾಗಿ ಒಮ್ಮೆ ಗೇಟು ಮುಚ್ಚುವುದು ತಡಮಾಡಿದರು. ಅರ್ಧ ಊರಿನ ಕೊಳವೆಗಳಿಗೆ ಸಮುದ್ರವೇ ಹೋಯಿತು. ಮಾರನೆಯ ದಿನ ಆಸ್ಪತ್ರೆಯ ಮೆಟ್ಟಿಲಮೇಲೆ ಹೊಟ್ಟೆ ಹಿಡಿದುಕೊಂಡ ಜನ ಕೂತಿದ್ದರು.

ಕಂಟ್ರೋಲ್ ವಿಭಾಗದ ಮುಖ್ಯಸ್ಥೆ ಸುಹಾದ್. ಐವತ್ತರ ಹತ್ತಿರದ ಹೆಂಗಸು, ಮದುವೆಯಾಗಿಲ್ಲ, ತಾಯಿಯ ಜೊತೆ ಇದ್ದಳು. ಎದುರಿಗೆ ಎಲ್ಲರೂ ಸಿತ್ ಸುಹಾದ್ ಎಂದು ಮರ್ಯಾದೆಯಿಂದ ಕರೆಯುತ್ತಿದ್ದರು. ಬೆನ್ನ ಹಿಂದೆ 'ಅಂಟಿನ ಸಿತ್'. ಕಾರಣವಿತ್ತು. ಕೆಲವು ವರ್ಷಗಳ ಹಿಂದೆ ನದಿಯ ಮೇಲ್ಭಾಗದ ಒಂದು ಪಂಪ್ ಹೌಸಿನವರು ಗುಜರಿಯಿಂದ ತಂದ ಬಿಡಿಭಾಗವೊಂದನ್ನು ಹಾಗೇ ಸಿಕ್ಕಿಸಿದ್ದರು. ಅದರೊಳಗೆ ಯಾವುದೋ ಹೊಲಸು ಪ್ರೋಗ್ರಾಂ ಇತ್ತು, ಇಡೀ ಪಂಪ್ ಹೌಸು ಕೈಕಾಲು ಬಿದ್ದವರ ಹಾಗೆ ವಾರಗಟ್ಟಲೆ ಮಲಗಿತು. ಅಂದಿನಿಂದ ಸುಹಾದ್ ನಮ್ಮಲ್ಲಿನ ಎಲ್ಲ ಕಂಪ್ಯೂಟರುಗಳ ಪೆನ್ ಡ್ರೈವ್ ಸಿಕ್ಕಿಸುವ ತೂತುಗಳಿಗೂ ಅಂಟು ಸುರಿದು ಮುಚ್ಚಿದಳು. ಕಂಟ್ರೋಲ್ ಕೋಣೆಗೂ ಅವಳ ವರ್ಕ್‌ಶಾಪಿಗೂ ಫೋನು ತರುವಂತಿಲ್ಲ ಎಂದಳು. ಹೊರಗಿನಿಂದ ಬಂದ ಬಿಡಿಭಾಗ ಏನೇ ಇರಲಿ, ಅದರ ನೆನಪನ್ನು ಪೂರ್ತಿ ಅಳಿಸದೆ ನಮ್ಮ ಪೆಟ್ಟಿಗೆಯನ್ನು ಮುಟ್ಟಿಸುವಂತಿಲ್ಲ ಎಂದಳು. ಈ ಹಳೆಯ ಕಂಟ್ರೋಲರುಗಳ ಭಾಷೆ ತಿಳಿಯುವ ಒಂದೇ ಒಂದು ಕಂಪ್ಯೂಟರ್ ನಮ್ಮಲ್ಲಿತ್ತು, ಮುದಿ ಕತ್ತೆಯಂಥದ್ದು. ನಮ್ಮ ಸ್ಥಾವರದ ಪ್ರೋಗ್ರಾಂ ಇದ್ದದ್ದು ಅದರ ಹೊಟ್ಟೆಯಲ್ಲಿ ಮಾತ್ರ. ಅದನ್ನು ಅವಳು ಕಬ್ಬಿಣದ ಬೀರುವಿನಲ್ಲಿಟ್ಟು ಬೀಗದ ಕೈಯನ್ನು ಕೊರಳಲ್ಲಿ ಹಾಕಿಕೊಂಡಿದ್ದಳು.

ತಯಾರಿಸಿದ ಕಂಪನಿ ಆ ಕಾರ್ಡುಗಳನ್ನು ಕೈಬಿಟ್ಟು ಎಷ್ಟೋ ಕಾಲವಾಗಿತ್ತು. ಕೇಳಿದರೆ, ಹೊಸದನ್ನು ಕೊಳ್ಳಿ ಎನ್ನುತ್ತಿದ್ದರು. ಹೊಸದಕ್ಕೆ ಬಗ್ದಾದಿನ ಸಹಿ ಬೇಕು. ಬಗ್ದಾದಿನ ಸಹಿಯ ಹೊತ್ತಿಗೆ ನದಿಯೇ ಬತ್ತಿರುತ್ತದೆ. ಹಾಗಾಗಿ ಎಲ್ಲರ ಹಾಗೆ ನಾವೂ ಗುಜರಿಯ ಹಾಜಿ ಚಾಸಿಬ್‌ನ ಅಂಗಳಕ್ಕೇ ಹೋಗಬೇಕಾಯಿತು.

ಚಾಸಿಬ್ ನೆರಳಿನಲ್ಲಿ ಕೂತು ಬೀಸಣಿಗೆ ಬೀಸಿಕೊಳ್ಳುತ್ತಿದ್ದ.

"ಬನ್ನಿ ಐನೀ, ನನ್ನ ಕಣ್ಣೇ, ಬನ್ನಿ. ಸಿತ್ ಸುಹಾದ್ ಬಂದ್ರು ಅಂದ್ರೆ ಊರಿಗೆ ನೀರಿಲ್ಲ ಅಂತಾನೇ ಅರ್ಥ. ನಿಮ್ಮ ಮುಖ ನೋಡಿದ್ರೆ ನನಗೆ ಬಾಯಾರುತ್ತೆ."

"ಮಾತು ಸಾಕು ಹಾಜಿ. ತಲೆ ಕಾರ್ಡು ಇದೆಯಾ?"

"ನಿಮ್ಮ ನಸೀಬು ನೋಡಿ." ಅವನು ಗೋಣಿಯಲ್ಲಿ ಸುತ್ತಿಟ್ಟದ್ದನ್ನು ಬಿಚ್ಚಿದ. "ಉತ್ತರದ ಮಾಲು. ಮೂಸಿ ನೋಡಿ ಬೇಕಾದ್ರೆ, ಇನ್ನೂ ಗೊಬ್ಬರದ ಕಾರ್ಖಾನೆ ವಾಸನೆ ಹೋಗಿಲ್ಲ."

ಸುಹಾದ್ ಮೂಸಲಿಲ್ಲ. ಕಾರ್ಡನ್ನು ಕೈಗೆ ತೆಗೆದುಕೊಂಡವಳು ಹಿಡಿದೇ ನಿಂತಳು. ಚೌಕಾಸಿ ನಾನೇ ಮಾಡಿದೆ. ವಾಪಸು ಬರುವ ದಾರಿಯಲ್ಲಿ ಕಾರಿನೊಳಗೆ ಅವಳು ಕಾರ್ಡನ್ನು ಮಡಿಲಲ್ಲಿಟ್ಟು ಕಣ್ಣು ಮುಚ್ಚಿ ಕೂತಿದ್ದಳು. ಬಿಸಿಲಿಗೆ ತಲೆನೋವು ಬಂದಿರಬೇಕು ಅಂದುಕೊಂಡೆ.

ವರ್ಕ್‌ಶಾಪಿನ ಮೇಜಿನ ಮೇಲೆ, ಸ್ಥಾವರಕ್ಕೆ ಯಾವ ಸಂಬಂಧವೂ ಇಲ್ಲದ ಒಂದು ಖಾಲಿ ಪೆಟ್ಟಿಗೆಯಲ್ಲಿ ಕಾರ್ಡನ್ನು ಕೂರಿಸಿ ಕರೆಂಟು ಕೊಟ್ಟಳು. ಸುಮ್ಮನೆ ಜೀವವಿದೆಯೇ ಎಂದು ನೋಡಲಿಕ್ಕೆ. ಪಕ್ಕದಲ್ಲಿ ನಾನಿದ್ದೆ, ಎಲೆಕ್ಟ್ರಿಷಿಯನ್ ಕಾದಿಮ್ ಇದ್ದ. ಸಾಮಾನ್ಯವಾಗಿ ಇಂಥ ಪೆಟ್ಟಿಗೆ ಎದ್ದಾಗ ಮುಂದಿನ ಸಾಲುದೀಪಗಳೆಲ್ಲ ಒಮ್ಮೆಗೇ ಹತ್ತಿ ಆರುತ್ತವೆ. ಇದರ ದೀಪಗಳು ಹಾಗೆ ಮಾಡಲಿಲ್ಲ. ಎರಡು ಹತ್ತಿದವು, ಒಂದು ತಡೆಯಿತು, ಮತ್ತೆ ಮೂರು ಅವಸರವಾಗಿ ಓಡಿದವು, ಕೊನೆಯದು ಬಂದು ಬಡಿದ ಹಾಗೆ ನಿಂತಿತು. ಮತ್ತೆ ಮೊದಲಿಂದ.

ಕಾದಿಮ್ ತೊಡೆ ತಟ್ಟಿ ನಕ್ಕ. "ಅರೇ, ಇದು ಯಾವುದೋ ಮದುವೆ ಮನೆಯಿಂದ ಬಂದಿದೆ! ಖಶ್ಶಾಬಾ ಬಾರಿಸ್ತಿದೆ ನೋಡಿ, ಅಬೂ ನವ್ರಸ್!"

ನಿಜ. ಅದು ನಮ್ಮ ಬಸ್ರಾದ ಖಶ್ಶಾಬಾ ತಾಳವೇ. ಮದುವೆಗಳಲ್ಲಿ, ದೋಣಿಗಳಲ್ಲಿ, ಬಗಲಲ್ಲಿ ಚಿಕ್ಕ ಮರದ ಡೋಲು ಸಿಕ್ಕಿಸಿಕೊಂಡು ನಾವೆಲ್ಲ ಬಾರಿಸುತ್ತ ಬೆಳೆದದ್ದು. ನಾನೂ ನಗುವವನಿದ್ದೆ. ಸುಹಾದಳ ಮುಖ ನೋಡಿ ತಡೆದುಕೊಂಡೆ.

ಅವಳು ಸ್ವಿಚ್ ಆರಿಸಿದಳು. ಮತ್ತೆ ಹಾಕಿದಳು. ಅದೇ ತಾಳ. ಆರಿಸಿದಳು. ಹಾಕಿದಳು.

"ಕಾದಿಮ್, ಹೊರಗೆ ಹೋಗು," ಎಂದಳು.

ಅವನು ಹೋದ ಮೇಲೆ ಹೇಳಿದಳು: "ಇದು ಸರ್ಮದ್ ಮಾಡಿದ್ದು."

ಸರ್ಮದ್ ಅವಳ ಅಣ್ಣ. ಅವರ ತಾಯಿಯನ್ನು ಊರೆಲ್ಲ ಉಮ್ ಸರ್ಮದ್, ಅಂದರೆ ಸರ್ಮದನ ತಾಯಿ, ಎಂದೇ ಕರೆಯುವುದು. ಉತ್ತರದಲ್ಲಿ ಟೈಗ್ರಿಸ್ ದಂಡೆಯ ಒಂದು ಗೊಬ್ಬರದ ಕಾರ್ಖಾನೆಯಲ್ಲಿ ಅವನು ಸುಹಾದಳಂತೆಯೇ ಕಂಟ್ರೋಲ್ ಎಂಜಿನಿಯರ್. ಎರಡೂ ಕಡೆ ಒಂದೇ ಜಾತಿಯ ಹಳೆಯ ಪೆಟ್ಟಿಗೆಗಳು. ಅಣ್ಣ ತಂಗಿ ಸಂಜೆಯಾದರೆ ಫೋನಿನಲ್ಲಿ ಮನೆಯ ಮಾತಿಗಿಂತ ಹೆಚ್ಚಾಗಿ ಕಾರ್ಡುಗಳ ಕಾಯಿಲೆಯ ಮಾತನ್ನೇ ಆಡುತ್ತಿದ್ದರಂತೆ. ದೀಪ ಪರೀಕ್ಷೆಗೆ ಊರಿನ ತಾಳ ಹಾಕಿದ್ದೇನೆ, ಇಲ್ಲಿನವರಿಗೆ ಯಾರಿಗೂ ತಿಳಿಯುವುದಿಲ್ಲ, ನನಗೆ ಮಾತ್ರ ದಿನವೂ ಮದುವೆ ಎಂದು ಅವನು ನಗುತ್ತಿದ್ದನಂತೆ.

ನಾಲ್ಕು ವರ್ಷದ ಹಿಂದೆ ಕಪ್ಪು ಬಾವುಟದ ಉಗ್ರರು ಆ ಕಡೆ ನುಗ್ಗಿ ಬಂದ ದಿನ ಕಾರ್ಖಾನೆಯವರೆಲ್ಲ ಬಸ್ಸು ಹತ್ತಿ ಹೊರಟರು. ಸರ್ಮದನೂ ಹತ್ತಿದ್ದ. ಗೇಟು ದಾಟುವ ಮೊದಲೇ ಅವನು ಬಸ್ಸಿಳಿದು ವಾಪಸು ನಡೆದ. ಕೂಗಿದರೂ ತಿರುಗಲಿಲ್ಲ. ಅಷ್ಟು ಹೊತ್ತಿಗೆ ಆಚೆ ರಸ್ತೆಯಲ್ಲಿ ಅವರ ಗಾಡಿಗಳ ಧೂಳು ಕಾಣುತ್ತಿತ್ತು. ಬಸ್ಸಿನಲ್ಲಿದ್ದ ನಮ್ಮೂರಿನವನೊಬ್ಬ ಮನೆಗೆ ಬಂದು ಹೇಳಿದ್ದು ಒಂದೇ ಮಾತು: "ಅವರ ಕಡೆಗೇ ನಡೆದ." ಆ ಮಾತು ಓಣಿಯಿಂದ ಓಣಿಗೆ ಹೋಯಿತು. ಅವನು ಅವರ ಜೊತೆ ಸೇರಿಕೊಂಡ, ಅವರಿಗೆ ಕಾರ್ಖಾನೆ ನಡೆಸಿಕೊಡುತ್ತಿದ್ದಾನೆ ಎಂದರು. ಹುತಾತ್ಮರ ಕುಟುಂಬಕ್ಕೆ ಸಿಗುವ ಗೌರವ ಇವರಿಗೆ ಸಿಗಲಿಲ್ಲ. ಪೊಲೀಸರು ತಾಯಿಯನ್ನು ಕರೆಸಿ, ಮಗ ಎಲ್ಲಿ ಎಂದು ಕೇಳಿದರು. "ಬಂದಾಗ ಅವನನ್ನೇ ಕೇಳಿ," ಎಂದಳಂತೆ ಮುದುಕಿ. ಸತ್ತನೆಂದು ಯಾರೂ ಹೇಳಿಲ್ಲ, ಹೆಣವಿಲ್ಲ, ಹಾಗಾಗಿ ಸತ್ತವರಿಗಾಗಿ ಮೂರು ದಿನ ಇಡುವ ಶೋಕದ ಫಾತಿಹಾವನ್ನೂ ಅವಳು ಇಡಿಸಿರಲಿಲ್ಲ. ಜನ ಈಗಲೂ ಉಮ್ ಸರ್ಮದ್ ಎಂದೇ ಕರೆಯುತ್ತಿದ್ದರು. ಆ ಹೆಸರಿಗೆ ಮುಂಚೆ ನಾಲಿಗೆ ಒಂದು ಕ್ಷಣ ತಡೆಯುವುದನ್ನು ಅವಳು ಕೇಳಿಸಿಕೊಳ್ಳುತ್ತಿದ್ದಳು.

ಈಗ ಆ ಕಾರ್ಖಾನೆಯ ತಲೆಯೇ ನಮ್ಮ ಮೇಜಿನ ಮೇಲಿತ್ತು. ಒಳಗಿನ ಚಿಕ್ಕ ಬ್ಯಾಟರಿ ಇನ್ನೂ ಬದುಕಿದ್ದರಿಂದ ಅದರ ನೆನಪೂ ಬದುಕಿತ್ತು. ದೀಪಗಳ ತಾಳ ಮುಗಿದ ಮೇಲೆ ಮುಂದಿನ ಪುಟ್ಟ ಕಿಟಕಿಯಲ್ಲಿ ಒಂದು ಅಂಕಿ ಬಂದು ನಿಲ್ಲುತ್ತಿತ್ತು. ಯಂತ್ರ ಕೊನೆಯ ಸಲ ಯಾವ ಹಂತದಲ್ಲಿ ನಿಂತಿತ್ತೋ ಆ ಹಂತದ ಗುರುತು ಅದು. ಸುಹಾದ್ ಕುರ್ಚಿ ಎಳೆದುಕೊಂಡು ಕೂತು ಅದನ್ನೇ ನೋಡುತ್ತಿದ್ದಳು.

"ಅಬೂ ನವ್ರಸ್, ಈ ಅಂಕಿ ಏನು ಗೊತ್ತಾ? ಕಾರ್ಖಾನೆಯನ್ನ ಸುರಕ್ಷಿತವಾಗಿ ನಿಲ್ಲಿಸೋ ಕ್ರಮದ ಕೊನೇ ಹಂತ. ಆ ಕ್ರಮವನ್ನ ಅವನೂ ನಾನೂ ಸೇರಿ ಬರೆದದ್ದು. ಫೋನಿನಲ್ಲೇ. ಒಂದು ರಂಜಾನ್ ತಿಂಗಳು ಪೂರ್ತಿ ಜಗಳ ಆಡಿ ಬರೆದ್ವಿ."

"ಜಗಳ ಯಾಕೆ?"

"ಇದಕ್ಕೇ. ಅಲ್ಲಿ ಅಮೋನಿಯಾದ ದೊಡ್ಡ ಟ್ಯಾಂಕ್ ಇದೆ. ಕೆಳಗಡೆ ಹಳ್ಳಿ. ಒಡೆದ್ರೆ ಗಾಳಿ ಬೀಸಿದ ಕಡೆ ಒಂದು ಕೋಳಿನೂ ಉಳಿಯಲ್ಲ. ಕೊನೇ ವಾಲ್ವನ್ನೂ ಯಂತ್ರವೇ ಮುಚ್ಚಲಿ ಅಂತ ನಾನು. ಬೇಡ, ಹಳೇ ವಾಲ್ವು ಮುಚ್ಚದೇನೇ ಮುಚ್ಚಿದೀನಿ ಅಂತ ಸುಳ್ಳು ಹೇಳುತ್ತೆ, ಮನುಷ್ಯ ಟ್ಯಾಂಕಿನ ಹತ್ತಿರ ಹೋಗಿ ಕೈಯಾರೆ ತಿರುಗಿಸಬೇಕು, ಅಲ್ಲೇ ಇರೋ ಗುಂಡಿ ಒತ್ತಬೇಕು, ಆಮೇಲೇ ಯಂತ್ರ ನಂಬಬೇಕು ಅಂತ ಅವನು. ಬೆಂಕಿ ಬಿದ್ದಿರೋ ಹೊತ್ತಲ್ಲಿ ಅಲ್ಲಿಗೆ ಯಾವ ಹುಚ್ಚ ಹೋಗ್ತಾನೆ ಅಂತ ಕೇಳಿದೆ. ಹೋಗೋನು ಹೋಗ್ತಾನೆ ಬಿಡೇ ಅಂದ."

ಅಂಕಿಯ ಮೇಲೆ ಬೆರಳಿಟ್ಟು ಹೇಳಿದಳು: "ಆ ಗುಂಡಿ ಒತ್ತದೆ ಈ ಅಂಕಿ ಬರಲ್ಲ. ಯಾರೋ ಹೋಗಿದಾರೆ."

ಬೇರೆ ಯಾರಾದರೂ ಇರಬಹುದಲ್ಲವೇ ಎಂದು ನನ್ನ ಬಾಯಿಗೆ ಬಂದಿತ್ತು. ಅವಳೇ ಹೇಳಿದಳು: "ಬೇರೆಯವರೂ ಇರಬಹುದು. ನನಗೆ ಗೊತ್ತು. ಹಾಗಂತ ನನ್ನ ಹತ್ತಿರ ಹೇಳಬೇಡ."

ಮಾರನೆಯ ದಿನ ಬೆಳಿಗ್ಗೆ ನಾವಿಬ್ಬರೂ ಮತ್ತೆ ಚಾಸಿಬ್‌ನ ಅಂಗಳದಲ್ಲಿದ್ದೆವು. ಇದು ಯಾರ ಕೈಯಿಂದ ಬಂತು ಎಂದು ಕೇಳಿದಾಗ ಅವನು ಬೀಸಣಿಗೆ ಕೆಳಗಿಟ್ಟ.

"ನಾನು ಕಬ್ಬಿಣಕ್ಕೆ ನಿನ್ನ ಅಪ್ಪ ಅಮ್ಮ ಯಾರು ಅಂತ ಕೇಳೋನಲ್ಲ ಸಿತ್. ಕೇಳಿದ್ರೆ ಈ ಅಂಗಳದಲ್ಲಿ ನಿದ್ದೆ ಬರಲ್ಲ."

"ನನಗೆ ನಿದ್ದೆ ಬಂದು ನಾಲ್ಕು ವರ್ಷ ಆಯ್ತು ಹಾಜಿ."

ಚಾಸಿಬ್ ನನ್ನ ಕಡೆ ನೋಡಿದ. ನಾನು ಅವನ ಕಿವಿಯಲ್ಲಿ ಸರ್ಮದನ ಹೆಸರು ಹೇಳಿದೆ. ಆ ಹೆಸರು ಅವನಿಗೂ ಗೊತ್ತಿತ್ತು, ಅದರ ಜೊತೆಗಿನ ಗಾಳಿಮಾತೂ. ಮುಖದ ಮೇಲಿನ ವ್ಯಾಪಾರವೆಲ್ಲ ಇಳಿದುಹೋಯಿತು.

"ಮಿಶಾಲ್ ಅಂತ ಒಬ್ಬ ಲಾರಿಯವನು. ಆ ಕಾರ್ಖಾನೆ ಕೆಳಗಿನ ಹಳ್ಳಿಯವನೇ. ಮುಂದಿನ ಲೋಡು ತಂದಾಗ ನಿಮ್ಮ ಹತ್ತಿರ ಕಳಿಸ್ತೀನಿ. ದೇವರಾಣೆ."

ಆಮೇಲಿನ ದಿನಗಳು ನನಗೆ ಇಂದಿಗೂ ಕಣ್ಣಿಗೆ ಕಟ್ಟಿವೆ. ಕಾರ್ಡು ಸರಿಯಾಗಿದೆ ಎಂದು ಸುಹಾದಳಿಗೆ ಗೊತ್ತು, ನನಗೂ ಗೊತ್ತು. ಅದರ ನೆನಪು ಅಳಿಸಿ ನಮ್ಮ ಪ್ರೋಗ್ರಾಂ ತುಂಬಿದರೆ ಗೇಟುಗಳು ತಾವಾಗಿ ನಡೆಯುತ್ತವೆ. ಅವಳು ಅಳಿಸಲಿಲ್ಲ. ಪ್ರಾಂತದ ಸುರಕ್ಷಾ ಸಮಿತಿಯಿಂದ ಬಂದಿದ್ದ ಎಂಜಿನಿಯರ್ ಹುಸಾಮ್ ಬೆಳಿಗ್ಗೆ ಬೆಳಿಗ್ಗೆ ಬಂದು ಕೇಳುತ್ತಿದ್ದ. "ಪರೀಕ್ಷೆ ಮುಗಿದಿಲ್ಲ," ಎನ್ನುತ್ತಿದ್ದಳು. ಸುಹಾದ್ ಸುಳ್ಳು ಹೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಹೊರಗೆ ರಸ್ತೆಯಲ್ಲಿ ಹೆಂಗಸರು, ಮಕ್ಕಳು ಕ್ಯಾನು ಹಿಡಿದು ಸಿಹಿನೀರಿನ ಅಂಗಡಿಯ ಮುಂದೆ ಸಾಲುಗಟ್ಟಿ ಕೂತಿರುತ್ತಿದ್ದರು. ನನ್ನ ಹುಡುಗರು ಗೇಟಿನ ಚಕ್ರ ತಿರುಗಿಸಿ ತಿರುಗಿಸಿ ಅಂಗೈ ಸುಲಿದುಕೊಂಡಿದ್ದರು.

ವರ್ಕ್‌ಶಾಪಿನ ಬಾಗಿಲ ಸಂದಿಯಿಂದ ದೀಪಗಳ ತಾಳ ಕಾಣುತ್ತಿತ್ತು. ಅವಳು ಆರಿಸುವಳು, ಹಾಕುವಳು. ಕಾದಿಮ್ ಆ ಕಡೆ ಹೋಗುವುದನ್ನೇ ಬಿಟ್ಟ. "ಅದರೊಳಗೆ ಯಾರೋ ಇದಾರೆ ಅಬೂ ನವ್ರಸ್," ಎಂದು ಬಾಯಲ್ಲಿ ಕುರಾನಿನ ಸಾಲು ಗುನುಗುತ್ತ ಸುತ್ತು ಹಾಕಿ ಹೋಗುತ್ತಿದ್ದ. ಅವನನ್ನು ಗದರಿದೆ. ಒಂದು ಮಧ್ಯಾಹ್ನ ನಾನೇ ಒಳಗೆ ಹೋದೆ. ಸುಹಾದ್ ಕಣ್ಣು ಮುಚ್ಚಿ ಕೂತಿದ್ದಳು, ಬೆರಳುಗಳು ಮಾತ್ರ ದೀಪಗಳ ಜೊತೆಗೇ ಮೇಜಿನ ಮೇಲೆ ಬಡಿಯುತ್ತಿದ್ದವು, ಒಂದು ತಾಳವೂ ತಪ್ಪದೆ. ನಾನು ಹಿಂದಿನ ದಿನ ತಂದಿಟ್ಟ ಊಟದ ಡಬ್ಬಿಯಲ್ಲಿ ಅನ್ನ ಮೀನು ಹಾಗೇ ಇತ್ತು.

"ಇದಕ್ಕೆ ಇನ್ನೂ ಅದೇ ದಿನ," ಎಂದಳು ಕಣ್ಣು ತೆರೆಯದೆ. "ಆಮೇಲೆ ಏನೂ ಆಗಿಲ್ಲ ಇದಕ್ಕೆ. ಕರೆಂಟು ಕೊಟ್ಟಾಗೆಲ್ಲ ಅವನು ಈಗ ತಾನೇ ಗುಂಡಿ ಒತ್ತಿ ಕೈ ತೆಗೆದ ಹಾಗಿದೆ. ಇನ್ನೂ ಟ್ಯಾಂಕಿನ ಹತ್ತಿರಾನೇ ಇದಾನೆ. ಓಡು ಅಂತ ಹೇಳಬೇಕು ಅನ್ಸುತ್ತೆ."

"ಸುಹಾದ್, ಒಂದು ನಕಲು ಮಾಡಿಟ್ಕೋ. ಆಮೇಲೆ ಅಳಿಸು."

"ನಕಲು ಮಾಡೋಕೆ ಆ ಮುದಿ ಕಂಪ್ಯೂಟರಿಗೆ ಇದನ್ನ ಜೋಡಿಸಬೇಕು. ಈ ಕಾರ್ಡು ಆಮೇಲೆ ಯಾರ ಯಾರ ಕೈಯಲ್ಲಿತ್ತೋ, ಒಳಗೆ ಏನು ತುಂಬಿದಾರೋ. ಅದು ಕೆಟ್ಟರೆ ಬಸ್ರಾಕ್ಕೆ ನೀರಿನ ಪ್ರೋಗ್ರಾಮೇ ಇಲ್ಲ. ಇದನ್ನೇ ಹೇಳಿ ಹೇಳಿ ಎಲ್ಲರ ತಲೆ ತಿಂದವಳು ನಾನು. ಅಣ್ಣನಿಗೆ ಬೇರೆ ಕಾನೂನಾ?"

ಆ ಸಂಜೆ ಮನೆಗೆ ಹೋಗುವಾಗ ಅವಳ ಓಣಿಯ ಕಡೆ ತಿರುಗಿ, ಉಮ್ ಸರ್ಮದಳ ಬಾಗಿಲು ತಟ್ಟಿ, ಎಲ್ಲವನ್ನೂ ಹೇಳಿಬಿಟ್ಟೆ. ಮುದುಕಿ ಅಳಲಿಲ್ಲ. "ನಾಳೆ ಕರ್ಕೊಂಡು ಹೋಗು," ಎಂದಳು, ಅಷ್ಟೇ.

ಮರುದಿನ ಮಧ್ಯಾಹ್ನದ ನಮಾಜು ಮುಗಿಸಿ ಅವಳು ಕಪ್ಪು ಅಬಾಯಾ ಹೊದ್ದು ನನ್ನ ಕಾರಿನಲ್ಲಿ ಸ್ಥಾವರಕ್ಕೆ ಬಂದಳು. ಬಾಗಿಲಲ್ಲಿ ಹುಸಾಮ್ ನಿಂತಿದ್ದ. ಹೊರಗಿನವರನ್ನು ಒಳಗೆ ಬಿಡಬಾರದೆಂಬುದು ಅವನ ಕೆಲಸ. ನಾನು ಅವನನ್ನು ಪಕ್ಕಕ್ಕೆ ಕರೆದು ಹೇಳಿದೆ. ಅವನು ನೆಲ ನೋಡಿದ.

"ಬಾ ಖಾಲಾ," ಎಂದು ಅವನೇ ಬಾಗಿಲು ತೆರೆದ. "ನಾನೂ ಜೊತೆಗೆ ಇರಬೇಕಾಗುತ್ತೆ, ಕ್ಷಮಿಸು."

"ಇರು ಮಗನೇ. ಎಷ್ಟು ಜನ ನೋಡಿದ್ರೆ ಅಷ್ಟು ಒಳ್ಳೇದು."

ತಾಯಿಯನ್ನು ಕಂಡು ಸುಹಾದ್ ಎದ್ದು ನಿಂತಳು. ನನ್ನನ್ನು ಒಮ್ಮೆ ಸುಡುವ ಹಾಗೆ ನೋಡಿದಳು. ಮುದುಕಿ ಕುರ್ಚಿಯಲ್ಲಿ ಕೂತು, "ತೋರಿಸು," ಎಂದಳು.

ಸ್ವಿಚ್ ಹಾಕಿದಳು. ದೀಪಗಳು ಓಡಿದವು. ಉಮ್ ಸರ್ಮದ್ ಮುಂದಕ್ಕೆ ಬಾಗಿ ನೋಡಿದಳು. ಅವಳ ತುಟಿ ಅಲುಗಿತು. "ಬೇಗ ಬಾರಿಸ್ತಾನೆ," ಎಂದಳು. "ಚಿಕ್ಕಂದಿನಿಂದ ಹಾಗೇ. ನಿಧಾನ ಅಂದ್ರೆ ಕೇಳ್ತಿರಲಿಲ್ಲ. ಅವನ ಚಿಕ್ಕಪ್ಪ ತಲೆಗೆ ಮೊಟಕ್ತಿದ್ದ." ಆಮೇಲೆ ಅಂಕಿ ಬಂದು ನಿಂತಾಗ ಸುಹಾದ್ ಅದರ ಅರ್ಥವನ್ನು ತಾಯಿಗೆ ಹೇಳಿದಳು. ಟ್ಯಾಂಕು, ಹಳ್ಳಿ, ವಾಲ್ವು, ಗುಂಡಿ. ಎಲ್ಲವನ್ನೂ ಸರಳವಾಗಿ, ಮಗುವಿಗೆ ಹೇಳುವ ಹಾಗೆ ಹೇಳಿದಳು.

"ಅವರ ಕಡೆಗೆ ನಡೆದಿದ್ದಲ್ಲ," ಎಂದಳು ತಾಯಿ.

"ಅಲ್ಲ ಯುಮ್ಮಾ. ಟ್ಯಾಂಕಿನ ಕಡೆಗೆ."

"ನನಗೆ ಗೊತ್ತಿತ್ತು." ಮುದುಕಿ ಹುಸಾಮನ ಕಡೆ ತಿರುಗಿದಳು. "ನೀನು ಸರ್ಕಾರದವನು. ಕೇಳಿಸ್ಕೊಂಡ್ಯಾ?"

"ಕೇಳಿಸ್ಕೊಂಡೆ ಖಾಲಾ. ಯಾರು ಕೇಳಿದ್ರೂ ಹೇಳ್ತೀನಿ."

ಹುಸಾಮ್ ಸುಹಾದಳಿಗೆ ಹೇಳಿದ: "ಸಿತ್, ನಾನು ಚಹಾ ಕುಡಿದು ಬರ್ತೀನಿ. ನಿಧಾನಕ್ಕೆ ಬರ್ತೀನಿ. ಯಾರಾದ್ರೂ ಫೋನು ತಂದು ಇದನ್ನ ಚಿತ್ರ ತೆಗೆದ್ರೆ ನನಗೆ ಕಾಣಲ್ಲ."

ಸುಹಾದಳ ಕೈ ಕೊರಳ ಬೀಗದ ಕೈಯನ್ನು ಹಿಡಿದುಕೊಂಡಿತ್ತು. ಬೇಡ ಅನ್ನಲು ಅವಳಿಗೆ ಆಗುತ್ತಿರಲಿಲ್ಲ, ಹೂಂ ಅನ್ನಲೂ ಆಗುತ್ತಿರಲಿಲ್ಲ. ತಾಯಿಯೇ ಹೇಳಿದಳು.

"ಬೇಡ ಮಗನೇ. ಫೋನಿನಲ್ಲಿ ಇಟ್ಕೊಂಡು ದಿನಾ ನೋಡಲಾ? ದಿನಾ ಅವನನ್ನ ಅಲ್ಲಿಗೆ ನಡೆಸಲಾ? ಸಾಕು." ಆಮೇಲೆ ಮಗಳ ಮೊಣಕೈ ಹಿಡಿದಳು. "ಅಳಿಸು. ಪಕ್ಕದ ಮನೆ ಕೂಸು ಮೂರು ದಿನದಿಂದ ಉಪ್ಪು ಕಕ್ತಿದೆ. ಇವನು ಇಲ್ಲಿ ಸುಮ್ಮನೆ ಕೂತು ಏನು ಮಾಡ್ತಾನೆ? ಕೆಲಸ ಕೊಡು ಅವನಿಗೆ."

ಸುಹಾದ್ ಕರೆಂಟು ತೆಗೆದಳು. ಕಾರ್ಡನ್ನು ಹೊರಗೆಳೆದು, ಸಣ್ಣ ಇಕ್ಕಳದಿಂದ ಬ್ಯಾಟರಿ ಬಿಡಿಸಿದಳು. ಅದನ್ನು ತೆಗೆದು ಸ್ವಲ್ಪ ಹೊತ್ತು ಬಿಟ್ಟರೆ ಎಲ್ಲವೂ ತಾನಾಗಿ ಮರೆತುಹೋಗುತ್ತದೆ, ಬೇರೇನೂ ಮಾಡಬೇಕಿಲ್ಲ. ತಾಯಿ ಕೈ ಚಾಚಿದಳು. ಸುಹಾದ್ ಬ್ಯಾಟರಿಯನ್ನು ಆ ಅಂಗೈಯಲ್ಲಿಟ್ಟಳು.

"ಇಷ್ಟೇನಾ?" ಎಂದಳು ಮುದುಕಿ. ಮುಷ್ಟಿ ಮುಚ್ಚಿಕೊಂಡಳು.

ನಾವು ನಾಲ್ವರೂ ಕಾದು ಕೂತೆವು. ಹೊರಗೆ ನನ್ನ ಹುಡುಗರು ಗೇಟಿನ ಬಳಿ ಒಬ್ಬರನ್ನೊಬ್ಬರು ಕೂಗುತ್ತಿದ್ದದ್ದು ಕೇಳುತ್ತಿತ್ತು. ಆಮೇಲೆ ಸುಹಾದ್ ಹೊಸ ಬ್ಯಾಟರಿ ಹಾಕಿ ಕರೆಂಟು ಕೊಟ್ಟಳು. ದೀಪಗಳೆಲ್ಲ ಒಮ್ಮೆಗೇ ಹತ್ತಿ, ಒಮ್ಮೆಗೇ ಆರಿದವು. ಎಲ್ಲ ಪೆಟ್ಟಿಗೆಗಳ ಹಾಗೆ. ಕಿಟಕಿಯಲ್ಲಿ ಸೊನ್ನೆ. ಸುಹಾದ್ ಬೀರುವಿನ ಬೀಗ ತೆಗೆದು ಕಂಪ್ಯೂಟರನ್ನು ಮೇಜಿಗೆ ತಂದಳು. ಕಣ್ಣಿನಿಂದ ನೀರು ಸುರಿಯುತ್ತಿರುವಾಗಲೇ ನಮ್ಮ ಪ್ರೋಗ್ರಾಂ ತುಂಬಿ, ಕಾರ್ಡನ್ನು ಸ್ಥಾವರದ ಪೆಟ್ಟಿಗೆಯಲ್ಲಿ ಕೂರಿಸಿದಳು. ಸಂಜೆಯ ಭರತ ಏರುವ ಮೊದಲು ನದಿಯ ಗೇಟು ತಾನಾಗಿ ಮುಚ್ಚಿಕೊಂಡಿತು. ನನ್ನ ಹುಡುಗರು ಚಕ್ರ ಬಿಟ್ಟು ನೆಲದ ಮೇಲೇ ಮಲಗಿಬಿಟ್ಟರು.

ನೀರು ಸಿಹಿಯಾಯಿತು ಎಂದು ಹೇಳಲಾರೆ. ಕುಡಿಯುವ ಹಾಗಾಯಿತು.

ಆ ವಾರವೇ ಉಮ್ ಸರ್ಮದ್ ಫಾತಿಹಾ ಇಡಿಸಿದಳು. ಓಣಿಯಲ್ಲಿ ಡೇರೆ ಹಾಕಿಸಿದರು. ಬರುತ್ತಾರೋ ಇಲ್ಲವೋ ಎಂಬ ಅಳುಕು ನನಗಿತ್ತು. ಮೊದಲ ದಿನ ಸ್ಥಾವರದವರು ಬಂದರು. ಕಾದಿಮ್ ಹಿತ್ತಾಳೆಯ ಹೂಜಿಯಿಂದ ಕಹಿ ಕಾಫಿ ಬಗ್ಗಿಸಿ ಕೊಡುತ್ತಿದ್ದ. ಹುಸಾಮ್ ಬಂದು, ತಾನು ಏನು ಕಂಡೆ ಎಂಬುದನ್ನು ಕೇಳಿದವರಿಗೂ ಕೇಳದವರಿಗೂ ಹೇಳಿದ. ಎರಡನೆಯ ದಿನ ಓಣಿಯವರು ಬಂದರು. ಬಸ್ಸಿನಲ್ಲಿದ್ದ ಆ ಮನುಷ್ಯನೂ ಬಂದ. ಕಾಫಿ ಮುಟ್ಟಲಿಲ್ಲ. ಬಹಳ ಹೊತ್ತು ತಲೆ ತಗ್ಗಿಸಿ ಕೂತು, ಎದ್ದು ಹೋಗುವಾಗ ನನ್ನ ಭುಜ ಹಿಡಿದು, "ನಾನು ಕಂಡದ್ದು ಬೆನ್ನು ಮಾತ್ರ, ಅಬೂ ನವ್ರಸ್," ಎಂದ.

ಮೂರನೆಯ ದಿನ ಧೂಳು ಮೆತ್ತಿದ ಒಬ್ಬ ಎತ್ತರದ ಆಳು ಡೇರೆಯ ಹೊರಗೆ ಚಪ್ಪಲಿ ಬಿಟ್ಟು ನಿಂತ. ಮಾತು ಉತ್ತರದ್ದು. ಚಾಸಿಬ್ ಕಳಿಸಿದ ಎಂದ. ನಾನು ಸುಹಾದಳನ್ನು ಹೆಂಗಸರ ಕಡೆಯಿಂದ ಕರೆತಂದೆ.

ಮಿಶಾಲ್ ಅವಳ ಮುಖ ನೋಡದೆ ಮಾತಾಡಿದ. "ಸಿತ್, ಆ ದಿನ ನಮ್ಮ ಹಳ್ಳಿಯಲ್ಲಿ ಏನೂ ಆಗಲಿಲ್ಲ. ಅವರು ಕಾರ್ಖಾನೆಗೆ ಗುಂಡು ಹೊಡೆದ್ರು, ಹೊಗೆ ಎದ್ದಿತು, ನಾವು ಒದ್ದೆ ಬಟ್ಟೆ ಮೂಗಿಗೆ ಕಟ್ಕೊಂಡು ಕಾದ್ವಿ. ಏನೂ ಬರಲಿಲ್ಲ. ದೇವರು ಕಾಪಾಡಿದ ಅಂದ್ವಿ. ಯಾರೋ ಮನುಷ್ಯ ಕಾಪಾಡಿರಬಹುದು ಅಂತ ಯಾರ ತಲೆಗೂ ಹೊಳೀಲಿಲ್ಲ."

"ಆಮೇಲೆ?"

"ಅವರನ್ನ ಓಡಿಸಿದ ಮೇಲೆ ನಾವು ಹಸಿದವರು ಕಬ್ಬಿಣ ಬಿಚ್ಚೋಕೆ ಒಳಗೆ ಹೋದ್ವಿ. ಸುಳ್ಳು ಹೇಳಲ್ಲ. ಟ್ಯಾಂಕಿನ ಹತ್ತಿರ ಒಂದು ಗೋರಿ ಇತ್ತು. ಯಾರು ಮಣ್ಣು ಮಾಡಿದ್ರೋ ಗೊತ್ತಿಲ್ಲ. ತಲೆಯ ಕಡೆ ಒಂದು ವಾಲ್ವಿನ ಕೈಚಕ್ರ ಹೂತಿಟ್ಟಿದ್ರು. ಟ್ಯಾಂಕಿನ ವಾಲ್ವಿನ ಮೇಲೆ ಚಕ್ರ ಇರಲಿಲ್ಲ. ಮುಚ್ಚಿದ ಮೇಲೆ ಯಾರೂ ತೆಗೀಬಾರದು ಅಂತ ಯಾರೋ ಕಿತ್ತು ತೆಗೆದಿದ್ರು ಅನ್ಸುತ್ತೆ." ಅವನು ಕೈ ಒರೆಸಿಕೊಂಡ. "ಇಡೀ ಕಾರ್ಖಾನೆಯಲ್ಲಿ ಮೊಳೆ ಕೂಡ ಬಿಡಲಿಲ್ಲ ನಾವು. ಆ ಚಕ್ರ ಮಾತ್ರ ಯಾರೂ ಮುಟ್ಟಲಿಲ್ಲ."

ಸುಹಾದ್ ಡೇರೆಯ ಹಗ್ಗ ಹಿಡಿದುಕೊಂಡಳು. "ನೀನು ವಾಪಸು ಹೋಗೋದು ಯಾವಾಗ?"

"ನಾಳೆ ಬೆಳಕು ಹರಿದ ಮೇಲೆ. ಖಾಲಿ ಲಾರಿ."

ಅವಳು ಅವನ ಜೊತೆಗೆ ಹೋದಳು. ಜೊತೆಗೆ ಬರುತ್ತೇನೆ ಎಂದೆ, ಗೇಟುಗಳನ್ನು ಯಾರು ನೋಡುತ್ತಾರೆ ಎಂದು ಬೈದಳು. ಕೆಲವು ದಿನ ಬಿಟ್ಟು ಮುಖವೆಲ್ಲ ಬಿಸಿಲಿಗೆ ಸುಲಿದು ವಾಪಸು ಬಂದಳು. ಅಗೆಯಲಿಲ್ಲ, ಅಗೆಸಲಿಲ್ಲ. ಅಗೆದರೆ ಸರ್ಕಾರದವರು ಮೂಳೆ ಒಯ್ದು ಯಾವುದೋ ಕಪಾಟಿನಲ್ಲಿಟ್ಟು ವರ್ಷಗಟ್ಟಲೆ ಕಾಯಿಸುತ್ತಾರೆ ಎಂದಳು. ಅವನೇ ಎಂದು ಖಾತ್ರಿಯಾಯಿತೇ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ನಾನು ಅವಳನ್ನು ಮನೆಗೆ ಬಿಡಲು ಹೋದಾಗ ಉಮ್ ಸರ್ಮದ್ ಬಾಗಿಲಲ್ಲೇ ಕೂತಿದ್ದಳು. ಮಗಳು ಕಾಲ ಬಳಿ ಕೂತು, ಕಂಡದ್ದನ್ನೆಲ್ಲ ಹೇಳಿದಳು. ಮುದುಕಿ ಎಲ್ಲ ಕೇಳಿ ಒಂದೇ ಒಂದು ಪ್ರಶ್ನೆ ಕೇಳಿದಳು.

"ನೆರಳಿದೆಯಾ ಅಲ್ಲಿ?"

"ಇದೆ ಯುಮ್ಮಾ," ಎಂದಳು ಸುಹಾದ್. "ಚೆನ್ನಾಗಿದೆ ನೆರಳು."

ಅವಳನ್ನು ಸ್ಥಾವರದ ಬಳಿ ಇಳಿಸಿ ಚಾಸಿಬ್‌ನ ಅಂಗಳಕ್ಕೆ ಹೋಗಿದ್ದ ಮಿಶಾಲ್ ಆ ಸಂಜೆ ನನಗೆ ಸಿಕ್ಕಿದ. ಅಲ್ಲಿ ಒಂದು ಗಿಡವಿಲ್ಲ ಎಂದ. ಕಾರ್ಖಾನೆಯ ಮಣ್ಣು ಸುಣ್ಣದ ಹಾಗೆ ಬೆಳ್ಳಗಿದೆ, ಹುಲ್ಲು ಕೂಡ ಹುಟ್ಟುವುದಿಲ್ಲ. ಇವಳು ಅಲ್ಲಿ ಬಿಸಿಲಲ್ಲೇ ಕೂತಿದ್ದಳು, ತನ್ನ ಅಬಾಯಾ ಬಿಚ್ಚಿ ಗೋರಿಯ ಮೇಲೆ ಹಿಡಿದುಕೊಂಡು.

ಚಳಿಗಾಲ ಬಂದಾಗ ಸುಹಾದ್ ಅವನ ಲಾರಿಯಲ್ಲಿ ಒಂದು ಬೋರೆ ಹಣ್ಣಿನ ಸಸಿಯನ್ನೂ ನಮ್ಮ ಸ್ಥಾವರದ ನೀರು ತುಂಬಿದ ಡ್ರಮ್ಮನ್ನೂ ಕಳಿಸಿದಳು. ನೆಟ್ಟೆ ಎಂದು ಮಿಶಾಲ್ ಹೇಳಿ ಕಳಿಸಿದ. ಆಮೇಲೆ ಅವನು ಗುಜರಿಯ ದಾರಿ ಬಿಟ್ಟು ಬೇರೆ ಕಡೆ ಲಾರಿ ಓಡಿಸತೊಡಗಿದ, ಅದು ಹಿಡಿಯಿತೋ ಇಲ್ಲವೋ ನಮಗೆ ತಿಳಿಯಲಿಲ್ಲ. ಉಮ್ ಸರ್ಮದ್ ಮಾತ್ರ ಕಾಯಿ ಬಿಟ್ಟಿರಬೇಕು ಈಗ ಎನ್ನುತ್ತಿರುತ್ತಾಳೆ. ಸುಹಾದ್ ಹೂಂ ಎನ್ನುತ್ತಾಳೆ.